ಕೋಡಿಯಕ್ಕರೈಯ ಉಪ್ಪುಜೌಗಿನಲ್ಲಿ ಚಳಿಗಾಲದ ಹಕ್ಕಿಗಳನ್ನು ನೋಡುವುದು ಹೇಗೆ

ಚೆನ್ನೈಯಿಂದ ದಕ್ಷಿಣಕ್ಕೆ ಇಳಿಯುವ ಕರಾವಳಿ ನಾಗಪಟ್ಟಿಣಂ ಜಿಲ್ಲೆಯ ತುದಿಯಲ್ಲಿ ಇದ್ದಕ್ಕಿದ್ದಂತೆ ಪಶ್ಚಿಮಕ್ಕೆ ಹೊರಳುತ್ತದೆ. ಆ ಮೂಲೆಯೇ ಕೋಡಿಯಕ್ಕರೈ. ಇಂಗ್ಲಿಷ್ ನಕಾಶೆಗಳಲ್ಲಿ ಅದರ ಹೆಸರು ಪಾಯಿಂಟ್ ಕ್ಯಾಲಿಮೇರ್. ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ. ಮರಳಿನ ದಿಬ್ಬವೊಂದರ ಮರೆಯಲ್ಲಿ, ಜಲಸಂಧಿಗೆ ಸಮಾನಾಂತರವಾಗಿ ಸುಮಾರು 48 ಕಿಲೋಮೀಟರ್ ಉದ್ದಕ್ಕೆ ವೇದಾರಣ್ಯಂ ಮಹಾಜೌಗು ಹರಡಿಕೊಂಡಿದೆ. ಅದರ ಪಶ್ಚಿಮದ ತುದಿಯಲ್ಲಿ ಮುತ್ತುಪೇಟೆಯ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. 1967ರಲ್ಲಿ ಮುಖ್ಯವಾಗಿ ಕೃಷ್ಣಮೃಗಗಳ ರಕ್ಷಣೆಗೆಂದು ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. 2002ರಲ್ಲಿ ಕಾಡು, ಜೌಗು, ಕಾಂಡ್ಲಾ ಎಲ್ಲ ಸೇರಿ 38,500 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿಗೆ ಬಂತು. ತಮಿಳುನಾಡಿನ ಮೊದಲ ರಾಮ್ಸಾರ್ ತಾಣ ಇದು.

ರಂಗನತಿಟ್ಟು, ಮಾಗಡಿ ಕೆರೆ, ಕೊಕ್ಕರೆ ಬೆಳ್ಳೂರು ನೋಡಿದವರು ಕಡಲತೀರದ ಹಕ್ಕಿಗಳ ಕಡೆಗೆ ಹೊರಳುವಾಗ ಕೋಡಿಯಕ್ಕರೈಯನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಆದರೆ ರಂಗನತಿಟ್ಟಿನ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಅಲ್ಲಿ ದೋಣಿ ನಿಮ್ಮನ್ನು ಗೂಡಿನ ಬುಡಕ್ಕೇ ಒಯ್ಯುತ್ತದೆ. ಇಲ್ಲಿ ಹಕ್ಕಿ ಅರ್ಧ ಕಿಲೋಮೀಟರ್ ಆಚೆ ಇರುತ್ತದೆ, ಅಲ್ಲೇ ಇರಬೇಕು ಕೂಡ. ಇಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ನೀರನ್ನು ಓದುವುದು.

ಯಾವಾಗ ಹೋಗಬೇಕು

ನಮ್ಮ ಮಳೆಗಾಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು ನೆನೆಯುತ್ತಿರುವಾಗ ಈ ಜೌಗು ಬಹುತೇಕ ಒಣಗಿ, ಉಪ್ಪಿನ ಪದರ ಕಟ್ಟಿ ಬಿದ್ದಿರುತ್ತದೆ. ಇಲ್ಲಿಯ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುವಂಥದ್ದು. ಆ ಮಳೆಯ ಜೊತೆಗೆ ಕಾವೇರಿ ಮುಖಜಭೂಮಿಯ ಸಣ್ಣ ಹೊಳೆಗಳ ಸಿಹಿನೀರೂ ಸೇರಿ ಜೌಗು ತುಂಬುತ್ತದೆ, ನೀರಿನ ಉಪ್ಪು ಕಡಿಮೆಯಾಗುತ್ತದೆ, ಕೆಸರಿನಲ್ಲಿ ಹುಳು, ಸೀಗಡಿ, ಬಸವನಹುಳುಗಳು ಹುಟ್ಟಿಕೊಳ್ಳುತ್ತವೆ. ಜನವರಿಯಿಂದ ನೀರು ಇಳಿಯತೊಡಗಿ, ಬೇಸಗೆಯ ಹೊತ್ತಿಗೆ ಸಮುದ್ರಕ್ಕಿಂತ ಉಪ್ಪಾಗುತ್ತದೆ.

ಕಾವೇರಿ ನಮ್ಮ ಕೊಡಗಿನಲ್ಲಿ ಹುಟ್ಟಿ, ನಮ್ಮ ಹೊಲಗಳನ್ನೂ ಅವರ ಹೊಲಗಳನ್ನೂ ದಾಟಿ, ಕೊನೆಗೆ ಉಳಿದದ್ದನ್ನು ಇಲ್ಲಿಗೆ ತಂದು ಸುರಿಯುತ್ತದೆ. ಆ ಉಳಿಕೆಯೂ ಈ ಹಕ್ಕಿಗಳ ಪಾಲಿನ ಅನ್ನವೇ. ನದಿ ನೀರಿನ ಹಂಚಿಕೆಯ ಮಾತು ಬಂದಾಗಲೆಲ್ಲ ಈ ಜೌಗು ನನಗೆ ನೆನಪಾಗುತ್ತದೆ.

ಹಕ್ಕಿಗಳ ಬರವು ಒಂದೇ ಬಾರಿಗೆ ಆಗುವುದಿಲ್ಲ. ಆರ್ಕ್‌ಟಿಕ್ ಕಡೆಯಿಂದ ಬರುವ ಸಣ್ಣ ವೇಡರ್ ಹಕ್ಕಿಗಳು, ಅಂದರೆ ಕೆಸರಿನಲ್ಲಿ ನಡೆದು ಮೇಯುವ ಗುಂಪಿನವು, ಆಗಸ್ಟ್ ಕೊನೆಗೇ ಕಾಣಿಸಿಕೊಳ್ಳುತ್ತವೆ. ಅಕ್ಟೋಬರ್‌ನಲ್ಲಿ ಕಾಡಿನ ಹಕ್ಕಿಗಳ ಸರದಿ. ಶ್ರೀಲಂಕಾ ಕಡೆ ಹೊರಟ ನವರಂಗ, ಬಾಲದಂಡೆ, ಕಿತ್ತಳೆ ತಲೆಯ ನೆಲಸಿಳ್ಳಾರಗಳು ಇಲ್ಲಿಯ ಪೊದೆಗಳಲ್ಲಿ ತಂಗಿ ಮುಂದಕ್ಕೆ ಹೋಗುತ್ತವೆ. ಬಾತುಗಳು ಮತ್ತು ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಮಳೆ ಬಿದ್ದ ಮೇಲೆ ಸೇರುತ್ತವೆ.

ಮೊದಲ ಸಲ ಹೋಗುವವರಿಗೆ ಜನವರಿ ನಡುವಿನಿಂದ ಫೆಬ್ರುವರಿ ನಡುವಿನವರೆಗಿನ ಅವಧಿ ಒಳ್ಳೆಯದು. ಟಿಕೆಟ್ ಕಾಯ್ದಿರಿಸುವ ಮುನ್ನ ಆ ವರ್ಷದ ಮಳೆಯನ್ನು ವಿಚಾರಿಸಿ. ಮಳೆ ಜೋರಾಗಿ ಸುರಿದ ವರ್ಷ ಜನವರಿಯಲ್ಲೂ ನೀರು ಆಳವಾಗಿರುತ್ತದೆ. ಆಗ ಬಾತುಗಳಿಗೆ ಹಬ್ಬ, ಸಣ್ಣ ಹಕ್ಕಿಗಳಿಗೆ ಕಾಲೂರಲು ಜಾಗವಿಲ್ಲ; ಫೆಬ್ರುವರಿಯವರೆಗೆ ಕಾಯಿರಿ. ಮಳೆ ಕೈಕೊಟ್ಟ ವರ್ಷ ಡಿಸೆಂಬರ್‌ನಲ್ಲೇ ಹೋಗಿಬನ್ನಿ, ಆಮೇಲೆ ಬಿರುಕು ಬಿಟ್ಟ ಕೆಸರು ಮಾತ್ರ ಉಳಿದಿರುತ್ತದೆ. ನವೆಂಬರ್ ಚಂಡಮಾರುತದ ತಿಂಗಳು. 2018ರ ನವೆಂಬರ್ 16ರಂದು ಗಜ ಚಂಡಮಾರುತ ಇದೇ ತೀರಕ್ಕೆ ಅಪ್ಪಳಿಸಿ ಕಾಡಿನ ಮರಗಳನ್ನು ಬುಡಮೇಲು ಮಾಡಿತು. ಆ ತಿಂಗಳಲ್ಲಿ ಹೊರಡುವುದಾದರೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡದೆ ಮನೆ ಬಿಡಬೇಡಿ.

ತಲುಪುವುದು, ತಂಗುವುದು, ಅನುಮತಿ

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ತಂಜಾವೂರು ಇಲ್ಲವೇ ಕುಂಭಕೋಣಂ ತಲುಪಿ, ಅಲ್ಲಿಂದ ಬಸ್ಸಿನಲ್ಲಿ ತಿರುತ್ತುರೈಪೂಂಡಿ ಮಾರ್ಗವಾಗಿ ವೇದಾರಣ್ಯಂಗೆ ಹೋಗುವುದು ಸಲೀಸು. ವೇದಾರಣ್ಯಂನಿಂದ ಕೋಡಿಯಕ್ಕರೈಗೆ ಹತ್ತು ಕಿಲೋಮೀಟರ್‌ನಷ್ಟು ದೂರ. ಸಾಧಾರಣ ಲಾಡ್ಜುಗಳೂ ಊಟದ ಹೋಟೆಲ್‌ಗಳೂ ಇರುವುದು ವೇದಾರಣ್ಯಂನಲ್ಲೇ. ಕೋಡಿಯಕ್ಕರೈಯಲ್ಲಿ ಅರಣ್ಯ ಇಲಾಖೆಯ ವಿಶ್ರಾಂತಿ ಗೃಹವಿದೆ, ಆದರೆ ಮೊದಲೇ ಇಲಾಖೆಯಿಂದ ಒಪ್ಪಿಗೆ ಪಡೆಯಬೇಕು. ಕನಿಷ್ಠ ಎರಡು ರಾತ್ರಿ ಉಳಿಯಿರಿ. ಒಂದೇ ಬೆಳಗ್ಗೆಯಲ್ಲಿ ಈ ಜಾಗ ಅರ್ಥವಾಗುವುದಿಲ್ಲ.

ಅಭಯಾರಣ್ಯದ ಒಳಗೆ ಹೋಗಲು ಕೋಡಿಯಕ್ಕರೈಯ ಅರಣ್ಯ ವಲಯ ಕಚೇರಿಯಲ್ಲಿ ಅನುಮತಿ ಪಡೆದು ಶುಲ್ಕ ಕಟ್ಟಬೇಕು. ಜೌಗಿನ ಯಾವ ದಾರಿಗಳಲ್ಲಿ ಆ ವಾರ ವಾಹನ ಹೋಗಬಹುದು, ಯಾವುದು ಕೆಸರಾಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಿನ್ನೆ ಹಕ್ಕಿಗಳು ಎಲ್ಲಿ ಮೇಯುತ್ತಿದ್ದವು ಎಂದು ಅವರಿಗೆ ಗೊತ್ತಿರುತ್ತದೆ, ಮತ್ತು ಹಕ್ಕಿ ನೋಡಲು ಬಂದವರಿಂದ ಊರಿಗೆ ನಾಲ್ಕು ಕಾಸು ಸಿಗುವುದು ಹಕ್ಕಿಗಳ ಹಿತಕ್ಕೂ ಒಳ್ಳೆಯದೇ. ಡ್ರೋನ್ ಒಯ್ಯಲೇಬೇಡಿ.

ಏನೇನು ಬೇಕು

8x42 ಬೈನಾಕ್ಯುಲರ್ ಸಾಕೇ ಎಂದು ಕೇಳುವವರಿಗೆ ನನ್ನ ಉತ್ತರ: ಕಾಡಿಗೆ ಸಾಕು, ಜೌಗಿಗೆ ಸಾಲದು. ಟ್ರೈಪಾಡ್ ಮೇಲೆ ನಿಲ್ಲಿಸುವ ಸಣ್ಣ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಇದ್ದರೆ ಮಾತ್ರ ದೂರದ ಬೂದು ಚುಕ್ಕೆಗಳಿಗೆ ಕೊಕ್ಕು, ಕಾಲು ಮೂಡುತ್ತವೆ. ನಾಲ್ಕು ಜನ ಸೇರಿ ಹೋಗುವುದಾದರೆ ಒಂದು ಸ್ಕೋಪ್ ಎರವಲು ತನ್ನಿ. ಉದ್ದ ಲೆನ್ಸಿನ ಕ್ಯಾಮೆರಾಕ್ಕಿಂತ ಅದು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಟೋಪಿ, ಕುಡಿಯುವ ನೀರು, ಬುತ್ತಿ ಜೊತೆಗಿರಲಿ, ಜೌಗಿನ ಬಯಲಿನಲ್ಲಿ ನೆರಳೂ ಇಲ್ಲ, ಅಂಗಡಿಯೂ ಇಲ್ಲ. ಉಪ್ಪುಗಾಳಿ ಲೆನ್ಸಿನ ಮೇಲೆ ಕೂರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಸ್ವಲ್ಪ ಒದ್ದೆ ಮಾಡಿ, ಆಮೇಲೆ ಒರೆಸಿ.

ಮೊದಲು ನೀರನ್ನು ನೋಡಿ

ಸೂರ್ಯ ಹುಟ್ಟುವ ಹೊತ್ತಿಗೆ ಜೌಗಿನ ಪೂರ್ವದ ಅಂಚಿನಲ್ಲಿರಿ. ಬೆಳಕು ಬೆನ್ನ ಹಿಂದಿರುತ್ತದೆ, ಪಶ್ಚಿಮಕ್ಕೆ ಹರಡಿದ ನೀರಿನ ಮೇಲೆ ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ಒಂಬತ್ತು ಗಂಟೆ ದಾಟಿದರೆ ಕೆಸರಿನಿಂದ ಬಿಸಿಗಾಳಿ ಏಳತೊಡಗಿ ಸ್ಕೋಪ್‌ನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಸಂಜೆ ಅದೇ ಅಂಚಿನಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಉಪ್ಪಿನ ಕಾರ್ಖಾನೆಗೆ ನೀರೆತ್ತುವ ಪಂಪ್‌ಹೌಸ್ ಕಡೆಯ ದಾರಿ ಹಕ್ಕಿ ನೋಡುವವರಿಗೆ ಚೆನ್ನಾಗಿ ಗೊತ್ತು. ಅತ್ತ ಹೋಗಲು ಅವಕಾಶವಿದೆಯೇ ಎಂದು ವಲಯ ಕಚೇರಿಯಲ್ಲೇ ಕೇಳಿಕೊಳ್ಳಿ.

ಬಂದ ಕೂಡಲೇ ಹಕ್ಕಿ ಹುಡುಕಬೇಡಿ. ಹತ್ತು ನಿಮಿಷ ಬರಿಗಣ್ಣಿನಿಂದ ನೀರನ್ನೇ ನೋಡಿ. ಎಲ್ಲಿ ಅದು ಕಪ್ಪಗೆ ಅಲೆಯಾಡುತ್ತಿದೆಯೋ ಅಲ್ಲಿ ಆಳ. ಸೂಜಿಬಾಲದ ಬಾತು ಮತ್ತು ಹೆಜ್ಜಾರ್ಲೆಗಳನ್ನು ಅಲ್ಲಿ ಹುಡುಕಬೇಕು. ಎಲ್ಲಿ ಸಣ್ಣ ನಿರಿಗೆ ಮಾತ್ರ ಇದೆಯೋ ಅಲ್ಲಿ ಮೊಣಕಾಲುದ್ದ, ಅದು ರಾಜಹಂಸಗಳ ಮೇವಿನ ಜಾಗ. ಕನ್ನಡಿಯಂತೆ ನಿಶ್ಚಲವಾಗಿ ಹೊಳೆಯುವ ತೆಳು ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ರೆಡ್‌ಶ್ಯಾಂಕ್, ಗಾಡ್‌ವಿಟ್‌ಗಳು. ಹೊಳಪು ಮಾಸಿ ಕೆಸರು ಕಂದಾಗುವ ಅಂಚಿದೆಯಲ್ಲ, ಎರಡು ಬೆರಳು ನೀರೂ ಇಲ್ಲದ ಆ ಪಟ್ಟಿ, ಸ್ಟಿಂಟ್ ಮತ್ತು ಪ್ಲೋವರ್‌ಗಳು ಸಾವಿರಗಟ್ಟಲೆ ಸೇರುವುದು ಅಲ್ಲೇ. ಹಿಡಿಯಷ್ಟಿರುವ ಸ್ಟಿಂಟ್ ಹಕ್ಕಿಯ ಕೊಕ್ಕು ಎರಡು ಸೆಂಟಿಮೀಟರ್‌ಗಿಂತ ಗಿಡ್ಡ. ನೀರು ನಾಲ್ಕು ಬೆರಳು ಏರಿದರೆ ಅದರ ಪಾಲಿಗೆ ಊಟದ ಮನೆಯ ಬಾಗಿಲು ಮುಚ್ಚಿದ ಹಾಗೆಯೇ.

ಕಡಲತೀರ ಎಂದ ಕೂಡಲೇ ಭರತ ಇಳಿತದ ವೇಳಾಪಟ್ಟಿ ಹುಡುಕುವವರಿದ್ದಾರೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಹೋಗುವಾಗ ಅದು ಬೇಕೇ ಬೇಕು, ಅಲ್ಲಿ ಇಳಿತದ ಹೊತ್ತಿಗೆ ಕೆಸರು ತೆರೆದುಕೊಂಡಾಗಲೇ ಹಕ್ಕಿ. ಪಾಕ್ ಜಲಸಂಧಿಯ ಬದಿಯಲ್ಲಿ ಭರತ ಇಳಿತದ ಅಂತರ ಒಂದು ಮೀಟರ್‌ಗಿಂತ ಕಡಿಮೆ. ಇಲ್ಲಿ ನೀರನ್ನು ಆಳುವುದು ಮಳೆ ಮತ್ತು ಗಾಳಿ. ಈಶಾನ್ಯದ ಗಾಳಿ ಎರಡು ದಿನ ಬಿಡದೆ ಬೀಸಿದರೆ ತೆಳು ನೀರು ನೈಋತ್ಯದತ್ತ ಸರಿದು, ಗಾಳಿ ಬರುವ ಕಡೆಯ ಕೆಸರು ಬಯಲಾಗುತ್ತದೆ. ಹಾಗಾಗಿ ಬೆಳಗ್ಗೆ ಮೊದಲು ಗಾಳಿ ಯಾವ ಕಡೆಯದು ಎಂದು ಗಮನಿಸಿ.

ಸಸ್ಯಗಳೂ ಸುಳಿವು ಕೊಡುತ್ತವೆ. ನೆಲಕ್ಕಂಟಿ ಹಬ್ಬುವ, ರಸತುಂಬಿದ ಎಲೆಯ ಸೆಸೂವಿಯಂ, ಸುಯೇಡಾ ಪೊದೆಗಳು, ಗಂಟುಗಂಟಾದ ಸ್ಯಾಲಿಕಾರ್ನಿಯಾ ಇವೆಲ್ಲ ಉಪ್ಪನ್ನು ತಾಳುವ ಗಿಡಗಳು. ನೀರಿಳಿದು ಉಪ್ಪೇರಿದಂತೆ ಇವು ಹಸಿರಿನಿಂದ ಕೆಂಪಿಗೆ ತಿರುಗುತ್ತವೆ. ಬಯಲಿನಲ್ಲಿ ಕೆಂಪು ಪಟ್ಟೆ ಕಂಡರೆ ಅಲ್ಲಿ ನೀರು ಹೋಗಿ ಕೆಲಕಾಲವಾಗಿದೆ ಎಂದರ್ಥ. ಇನ್ನೊಂದು ಗಿಡ ನಮಗೆಲ್ಲ ಪರಿಚಿತ. ಬಳ್ಳಾರಿ ಜಾಲಿ ಇಲ್ಲಿಯ ಹುಲ್ಲುಗಾವಲು ಮತ್ತು ಜೌಗಿನ ಅಂಚುಗಳನ್ನೂ ನುಂಗುತ್ತಾ ಬಂದಿದೆ. ತೆರೆದ ಬಯಲಿನಲ್ಲಿ ದೂರದಿಂದಲೇ ಶತ್ರುವನ್ನು ಕಾಣಬೇಕಾದ ಹಕ್ಕಿಗಳಿಗೆ ಪೊದೆಯೆಂದರೆ ಭಯ, ಅದರ ಸಮೀಪ ಅವು ಸುಳಿಯುವುದಿಲ್ಲ.

ದೂರ ಕಾಯ್ದುಕೊಳ್ಳುವುದು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ.

ಲಿಟಲ್ ಸ್ಟಿಂಟ್ ಎಂಬ ಹಕ್ಕಿಯ ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ಏಪ್ರಿಲ್, ಮೇ ಹೊತ್ತಿಗೆ ಅದು ಆರ್ಕ್‌ಟಿಕ್‌ನ ತಂಡ್ರಾ ಬಯಲಿಗೆ ಹೊರಡಬೇಕು, ಅಲ್ಲಿಯೇ ಅದರ ಮೊಟ್ಟೆ ಮರಿ. ಆ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಇಲ್ಲಿಯ ಕೆಸರಿನಿಂದ ಒಂದೊಂದೇ ಹುಳುವಾಗಿ ಹೆಕ್ಕಿ ಕೂಡಿಡುತ್ತದೆ. ಒಂದು ಚಿತ್ರಕ್ಕಾಗಿ ನಾವು ಗುಂಪನ್ನು ಎಬ್ಬಿಸಿದರೆ ಆ ಕೂಡಿಟ್ಟದ್ದು ಕರಗುತ್ತದೆ, ಜೊತೆಗೆ ಮೇಯುವ ಹೊತ್ತೂ ಹೋಗುತ್ತದೆ. ಸಾವಿರ ಹಕ್ಕಿ ಒಟ್ಟಿಗೆ ಏಳುವ ದೃಶ್ಯ ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ, ಒಪ್ಪುತ್ತೇನೆ. ಬೇಕೆಂದೇ ಅವನ್ನು ಎಬ್ಬಿಸಿ ತೆಗೆದ ಚಿತ್ರವನ್ನು ಮೆಚ್ಚಲು ನನ್ನಿಂದಾಗದು.

ಹಕ್ಕಿಗೆ ನಮ್ಮಿಂದ ತೊಂದರೆಯಾಗುತ್ತಿದೆ ಎಂಬುದನ್ನು ಅದು ಹಾರುವ ಮುನ್ನವೇ ಹೇಳುತ್ತದೆ. ಮೊದಲು ಮೇಯುವುದನ್ನು ನಿಲ್ಲಿಸಿ ತಲೆ ಎತ್ತುತ್ತದೆ. ಆಮೇಲೆ ಬೆನ್ನು ತಿರುಗಿಸಿ ನಡೆಯತೊಡಗುತ್ತದೆ. ಗುಂಪಿನಲ್ಲಿ ಕೆಲವು ತಲೆ ಎದ್ದವೆಂದರೆ ನಿಂತುಬಿಡಿ, ಅರ್ಧದಷ್ಟು ಎದ್ದರೆ ಹಿಂದೆ ಸರಿಯಿರಿ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಈ ಜೌಗಿನ ಕಾವಲುಗಾರ, ಅದರ ತೀಕ್ಷ್ಣ ಸಿಳ್ಳು ಕೇಳಿದರೆ ಉಳಿದವೂ ಏಳುವುದು ಖಂಡಿತ. ಮೇಲೆ ಡೇಗೆಯೋ ಗಿಡುಗವೋ ಹಾದು ಹಕ್ಕಿಗಳು ತಾವಾಗಿಯೇ ಎದ್ದರೆ, ಅವು ಮತ್ತೆ ಕುಳಿತು ಮೇಯಲು ತೊಡಗುವವರೆಗೆ ಅಲುಗಾಡಬೇಡಿ.

ವಾಹನದಲ್ಲೇ ಕುಳಿತು ನೋಡುವುದು ಉತ್ತಮ, ನಿಂತ ಕಾರಿಗೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ. ಇಳಿದರೆ ಬದುವಿನ ಮೇಲೆ ನಿಂತು ಆಕಾಶಕ್ಕೆ ಎದುರಾಗಬೇಡಿ, ಬದಿಯಲ್ಲಿ ಕೂರಿ. ಕೆಸರಿಗೆ ಇಳಿಯುವುದಂತೂ ಬೇಡವೇ ಬೇಡ. ಮೇಲೆ ಗಟ್ಟಿಯಾಗಿ ಕಾಣುವ ಉಪ್ಪಿನ ಪದರದ ಕೆಳಗೆ ಕಾಲು ಹೂತುಹೋಗುವ ಕೆಸರಿರುತ್ತದೆ. ಬೇಸಗೆಯತ್ತ ಒಣ ಉಪ್ಪುನೆಲದಲ್ಲಿ ಒಂದು ಜಾತಿಯ ಸಣ್ಣ ಪ್ಲೋವರ್‌ಗಳು ಬರಿನೆಲದ ಮೇಲೇ ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳು ಕಲ್ಲುಹರಳಿನಿಂದ ಬೇರೆಯಾಗಿ ಕಾಣುವುದೇ ಇಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಈ ಹಕ್ಕಿಯನ್ನು 2023ರಲ್ಲಿ ಕೆಂಟಿಶ್ ಪ್ಲೋವರ್‌ನಿಂದ ಬೇರ್ಪಡಿಸಿ ಹನುಮಾನ್ ಪ್ಲೋವರ್ ಎಂದು ಕರೆದರು.

ಸಣ್ಣ ಹಕ್ಕಿಗಳನ್ನು ಗುರುತಿಸುವುದು

ಚಳಿಗಾಲದಲ್ಲಿ ಇವೆಲ್ಲ ಬೂದು ಬಣ್ಣದವೇ. ಬಣ್ಣ ಬಿಡಿ, ನಡಿಗೆ ನೋಡಿ.

ಓಡಿ, ತಟ್ಟನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡುವುದು ಪ್ಲೋವರ್. ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಕಣ್ಣಿನಿಂದ ಹುಡುಕಿ ಹಿಡಿಯುವ ಜಾತಿಯಾದ್ದರಿಂದ ಹೀಗೆ. ಹಳೆಯ ಪುಸ್ತಕಗಳಲ್ಲಿ ಲೆಸರ್ ಸ್ಯಾಂಡ್ ಪ್ಲೋವರ್ ಎಂದಿರುವ, ಇಲ್ಲಿ ಹೇರಳವಾಗಿ ಸಿಗುವ ಹಕ್ಕಿ ಈಗಿನ ಪಟ್ಟಿಗಳಲ್ಲಿ ಟಿಬೆಟನ್ ಸ್ಯಾಂಡ್ ಪ್ಲೋವರ್ ಆಗಿದೆ. ನಿಲ್ಲದೆ, ತಲೆ ತಗ್ಗಿಸಿಯೇ, ಹೊಲಿಗೆ ಯಂತ್ರದ ಸೂಜಿಯಂತೆ ಟಕಟಕ ಕುಕ್ಕುತ್ತಾ ಸಾಗುವುದು ಸ್ಟಿಂಟ್. ಕಾಲು ಕಪ್ಪಗಿದ್ದರೆ ಲಿಟಲ್ ಸ್ಟಿಂಟ್, ಹಳದಿ ಛಾಯೆಯಿದ್ದರೆ ಟೆಮಿಂಕ್ಸ್. ಕೆಸರು ಮೆತ್ತಿದ ಕಾಲು ಮೋಸ ಮಾಡುತ್ತದೆ, ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಳ್ಳುವವರೆಗೆ ಕಾಯಿರಿ. ಸ್ಟಿಂಟ್‌ಗಿಂತ ತುಸು ದೊಡ್ಡದಾಗಿ, ಹೊಟ್ಟೆ ಮುಟ್ಟುವ ನೀರಿಗಿಳಿದು, ಕೆಳಕ್ಕೆ ಬಾಗಿದ ಉದ್ದ ಕೊಕ್ಕನ್ನು ಬುಡದವರೆಗೂ ಚುಚ್ಚುವುದು ಕರ್ಲ್ಯೂ ಸ್ಯಾಂಡ್‌ಪೈಪರ್. ಹಾರುವಾಗ ಅದರ ಬಾಲದ ಬುಡ ಬಿಳಿ.

ಉದ್ದ ಕಾಲಿನವುಗಳಲ್ಲಿ ಮಾರ್ಶ್ ಸ್ಯಾಂಡ್‌ಪೈಪರ್‌ನ ಕೊಕ್ಕು ನೇರ ಮತ್ತು ಬಹಳ ತೆಳು, ಗ್ರೀನ್‌ಶ್ಯಾಂಕ್‌ನದು ದಪ್ಪವಾಗಿ ಸ್ವಲ್ಪ ಮೇಲಕ್ಕೆ ಬಾಗಿದೆ. ರೆಡ್‌ಶ್ಯಾಂಕ್ ಹಾರಿದಾಗ ರೆಕ್ಕೆಯ ಹಿಂಬದಿಯ ಅಗಲ ಬಿಳಿ ಪಟ್ಟಿ ಕಾಣುತ್ತದೆ.

ಸ್ಟಿಂಟ್‌ಗಳ ಗುಂಪನ್ನು ಒಂದೊಂದಾಗಿ ಸೋಸಿ ನೋಡಲು ಇನ್ನೂ ಒಂದು ಕಾರಣವಿದೆ. ಕೊಕ್ಕಿನ ತುದಿ ಚಮಚದಂತೆ ಅಗಲವಾದ ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್ 1980ರ ದಶಕದಲ್ಲಿ ಇಲ್ಲಿ ದಾಖಲಾಗಿತ್ತು. ಈಗ ಜಗತ್ತಿನಲ್ಲೇ ಅದು ಕೆಲವು ನೂರಷ್ಟೇ ಉಳಿದಿದೆ.

ರಾಜಹಂಸಗಳಿಗೆ ಇಷ್ಟೆಲ್ಲ ವಿವರ ಬೇಡ, ಎರಡು ಮಾತು ಸಾಕು. ಬೂದು ಬಣ್ಣದವು ಬೇರೆ ಜಾತಿಯಲ್ಲ, ಗುಲಾಬಿ ಇನ್ನೂ ಏರದ ಎಳೆಯ ಹಕ್ಕಿಗಳು. ಕೊಕ್ಕು ಪೂರ್ತಿ ಕಡುಗೆಂಪಾಗಿ ಕಪ್ಪಗೆ ಕಾಣುವ ಗಿಡ್ಡ ಹಕ್ಕಿ ಕಂಡರೆ ಅದು ಲೆಸರ್ ಫ್ಲೆಮಿಂಗೊ, ಟಿಪ್ಪಣಿ ಮಾಡಿಕೊಳ್ಳಿ. ರಾಜಹಂಸಗಳು ಮೇದು ಹೋದ ಕೆಸರನ್ನೂ ಬದುವಿನಿಂದ ಗಮನಿಸಿ. ಒಂದೇ ಕಡೆ ಸುತ್ತುತ್ತಾ ಕಾಲಿನಿಂದ ತುಳಿದು ಕಲಕಿ, ತಲೆಕೆಳಗಾದ ಕೊಕ್ಕಿನಿಂದ ಸೋಸಿದ ಕಡೆಗಳಲ್ಲಿ ನಡುವೆ ದಿಣ್ಣೆ, ಸುತ್ತ ತಗ್ಗು ಇರುವ ಬಳೆಗಳ ಸಾಲು ಉಳಿದಿರುತ್ತದೆ.

ಮಧ್ಯಾಹ್ನದ ಹೊತ್ತು

ಬಿಸಿಲೇರಿದ ಮೇಲೆ ಜೌಗು ಬಿಟ್ಟು ಕಾಡಿಗೆ ಬನ್ನಿ. ಒಣ ನಿತ್ಯಹರಿದ್ವರ್ಣದ ಗಿಡ್ಡ ಕಾಡು ಇದು. ಮುನಿಯಪ್ಪನ್ ಕೆರೆಯ ಮಳೆನೀರಿಗೆ ಹಕ್ಕಿಗಳೂ ಪ್ರಾಣಿಗಳೂ ಬರುತ್ತವೆ. ಹುಲ್ಲುಬಯಲಿನಲ್ಲಿ ಕೃಷ್ಣಮೃಗ, ಚುಕ್ಕೆ ಜಿಂಕೆ, ನರಿ, ಒಡೆಯರಿಲ್ಲದೆ ಕಾಡುಬಿದ್ದ ಕುದುರೆಗಳು ಕಾಣುತ್ತವೆ.

ವೇದಾರಣ್ಯಂ ದಾರಿಯ ಉಪ್ಪಿನ ಗದ್ದೆಗಳನ್ನೂ ಬಿಡಬೇಡಿ. ರಸ್ತೆಯಲ್ಲೇ ನಿಂತು ನೋಡಿದರೆ ಬದುಗಳ ಮೇಲೆ ರೀವಗಳು (ಟರ್ನ್), ಕಡಲಕ್ಕಿಗಳು (ಗಲ್) ಸಾಲಾಗಿ ಕುಳಿತಿರುತ್ತವೆ, ಕೆಂಪು ಕೊಕ್ಕಿನ ದಪ್ಪ ಕ್ಯಾಸ್ಪಿಯನ್ ಟರ್ನ್ ಸುಲಭವಾಗಿ ಸಿಗುತ್ತದೆ. 1930ರ ಏಪ್ರಿಲ್‌ನಲ್ಲಿ ರಾಜಾಜಿಯವರು ತಿರುಚಿರಾಪಳ್ಳಿಯಿಂದ ನಡೆದು ಬಂದು ಉಪ್ಪಿನ ಕಾನೂನು ಮುರಿದದ್ದು ಇಲ್ಲೇ, ಅಗಸ್ತ್ಯಂಪಳ್ಳಿಯಲ್ಲಿ ಅದರ ಸ್ಮಾರಕವಿದೆ. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಸಣ್ಣ ಹಿಡುವಳಿಯ ಗದ್ದೆಗಳಲ್ಲಿ ಹಕ್ಕಿಗಳಿಗೂ ಜಾಗ ಸಿಗುತ್ತದೆ. ಜೌಗನ್ನೇ ದೊಡ್ಡ ಬದುಗಳಿಂದ ಕತ್ತರಿಸಿ ಉಪ್ಪು ಮಾಡಿದಾಗ ನೀರಿನ ಹರಿವು ಮುರಿಯುತ್ತದೆ, ಉಪ್ಪಿನ ಪ್ರಮಾಣ ಏರುತ್ತದೆ. ಸಿಹಿನೀರು ಕಡಿಮೆಯಾದದ್ದೂ ಇದರ ಜೊತೆ ಸೇರಿ, ಒಂದು ಕಾಲದಲ್ಲಿ ಇಲ್ಲಿ ತುಂಬಿರುತ್ತಿದ್ದ ಹಕ್ಕಿಗಳ ಸಂಖ್ಯೆ ಇಳಿದಿದೆ.

ಎಣಿಕೆ ಮತ್ತು ದಾಖಲೆ

ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿ. ಆ ಅಳತೆಯಿಂದ ನೂರು, ನೂರರಿಂದ ಇಡೀ ಗುಂಪು. ಅಂಚಿನಲ್ಲಿ ಹಕ್ಕಿಗಳು ವಿರಳ, ನಡುವೆ ದಟ್ಟ, ಹಾಗಾಗಿ ಎರಡೂ ಕಡೆ ಬೇರೆಬೇರೆ ಅಳತೆ ಬಳಸಿ. ಇಬ್ಬರು ಪರಸ್ಪರ ಹೇಳದೆ ಎಣಿಸಿ ಕೊನೆಗೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ಜಲಪಕ್ಷಿ ಗಣತಿ 1987ರಿಂದಲೂ ಇಂಥ ಎಣಿಕೆಗಳ ಮೇಲೆಯೇ ನಿಂತಿದೆ. ನಿಮ್ಮ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಹಾಕುವಾಗ ಕಾಡು, ಜೌಗು, ಉಪ್ಪಿನ ಗದ್ದೆಗೆ ಬೇರೆಬೇರೆ ಪಟ್ಟಿ ಮಾಡಿ, ನೀರಿನ ಮಟ್ಟ ಮತ್ತು ಗಾಳಿಯ ದಿಕ್ಕನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಕಾಲುಗಳನ್ನು ತಪ್ಪದೆ ನೋಡಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಕಾಲದಿಂದಲೂ ಹಕ್ಕಿಗಳ ಪಯಣ ತಿಳಿಯಲು ಇಲ್ಲಿ ಅವುಗಳ ಕಾಲಿಗೆ ಉಂಗುರ ತೊಡಿಸುತ್ತಾ ಬಂದಿದೆ. ಲೋಹದ ಉಂಗುರದ ಅಂಕಿ ದೂರದಿಂದ ಓದಲಾಗದು, ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸ್ಕೋಪ್‌ನಲ್ಲಿ ಕಾಣುತ್ತದೆ. ಕಂಡರೆ ಪಟ್ಟಿಯ ಬಣ್ಣ, ಎಡಗಾಲೋ ಬಲಗಾಲೋ, ಕಾಲಿನ ಗಂಟಿನ ಮೇಲೋ ಕೆಳಗೋ, ಅದರ ಮೇಲಿನ ಅಕ್ಷರ ಅಂಕಿಗಳು, ಹಕ್ಕಿ ಯಾವುದು, ದಿನಾಂಕ, ಜಾಗ ಇಷ್ಟನ್ನೂ ಅಲ್ಲೇ ಬರೆದುಕೊಳ್ಳಿ. ಮಸುಕಾದರೂ ಸರಿ, ಸ್ಕೋಪ್‌ಗೆ ಮೊಬೈಲ್ ಹಿಡಿದು ಒಂದು ಚಿತ್ರ ತೆಗೆದು ಸೊಸೈಟಿಗೆ ಕಳುಹಿಸಿ. ಎರಡು ಅಕ್ಷರಗಳಲ್ಲಿ ಒಂದು ಓದಲಾಗದಿದ್ದರೆ ಆ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಅರ್ಧ ಓದಿದ ಪಟ್ಟಿಯಿಂದಲೂ ಹಕ್ಕಿ ಯಾವ ದೇಶದಲ್ಲಿ ಉಂಗುರ ತೊಟ್ಟಿತೆಂದು ತಿಳಿಯಬಹುದು. ಊಹಿಸಿ ತುಂಬಿದ ಅಕ್ಷರ ಬೇರೊಂದು ಹಕ್ಕಿಯ ದಾಖಲೆಯನ್ನೇ ಕೆಡಿಸುತ್ತದೆ.